ಬ್ರೇಕ್ ಪ್ಯಾಡ್: ಬೆಲೆಗಿಂತ ಬಳಕೆ ಮುಖ್ಯ

ವಾರವಿಡೀ ಅಂಗಡಿಗೂ ಕಾರ್ಖಾನೆಗೂ ಓಡಾಡುವ ಕಾರನ್ನೇ ಭಾನುವಾರ ಆಟೋಕ್ರಾಸ್ ಸ್ಪರ್ಧೆಗೆ ಒಯ್ಯುವ ಯುವ ಉದ್ಯಮಿಗಳಿದ್ದಾರೆ. ಇಂಥ ಕಾರಿಗೆ ದುಬಾರಿ ರೇಸಿಂಗ್ ಪ್ಯಾಡ್ ಹಾಕಿಸುವುದು ನನ್ನ ದೃಷ್ಟಿಯಲ್ಲಿ ಅಪವ್ಯಯ ಮಾತ್ರವಲ್ಲ, ಅಪಾಯವೂ ಹೌದು.

ಅಪ್ಪಟ ರೇಸಿಂಗ್ ಪ್ಯಾಡ್ ಚೆನ್ನಾಗಿ ಹಿಡಿಯುವುದು ನೂರಾರು ಡಿಗ್ರಿ ಬಿಸಿಯೇರಿದ ಮೇಲೆ. ಆಟೋಕ್ರಾಸ್‌ನ ಒಂದು ಓಟ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಪ್ಯಾಡ್ ಆ ಶಾಖವನ್ನು ಮುಟ್ಟುವುದೇ ವಿರಳ. ಸೋಮವಾರ ಬೆಳಿಗ್ಗೆ ಮನೆಯಿಂದ ಹೊರಟ ಮೊದಲ ತಿರುವಿನಲ್ಲಿ, ಶಾಲಾ ಮಕ್ಕಳು ರಸ್ತೆ ದಾಟುವಾಗ, ಅದು ಪೂರ್ತಿ ತಣ್ಣಗಿರುತ್ತದೆ. ಮೇಲಾಗಿ ಕಿರುಗುಟ್ಟುತ್ತದೆ, ಡಿಸ್ಕನ್ನು ಬೇಗ ತಿನ್ನುತ್ತದೆ. ಪ್ಯಾಡಿನ ಬೆಲೆಗೆ ಡಿಸ್ಕಿನ ಸವಕಳಿಯನ್ನೂ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು.

ತಣ್ಣಗಿದ್ದಾಗಲೂ ಹಿಡಿಯುವ, ರಸ್ತೆ ಬಳಕೆಗೆಂದೇ ತಯಾರಾದ ಉತ್ತಮ ದರ್ಜೆಯ ಪ್ಯಾಡ್ ಸಾಕು. ಅದು ಎಷ್ಟು ಡಿಗ್ರಿಯಿಂದ ಎಷ್ಟರವರೆಗೆ ಕೆಲಸ ಮಾಡುವುದೆಂಬ ತಯಾರಕರ ವಿವರವನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಕೊಳ್ಳಬೇಡಿ. ಬಿಡಿಭಾಗ ಮಾರುವ ಸದಸ್ಯರೂ ಇದನ್ನು ಗಮನಿಸಲಿ. ಉಳಿದ ಹಣದಲ್ಲಿ ಹಳೆಯ ಬ್ರೇಕ್ ಆಯಿಲ್ ಬದಲಿಸುವುದು ಲೇಸು. ಡಾಟ್ 4 ದರ್ಜೆಯದಕ್ಕೆ ಹೊಸತರಲ್ಲಿ ಇರಬೇಕಾದ ಕನಿಷ್ಠ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಆ ಮಿತಿ 155 ಮಾತ್ರ.

ಇನ್ನು, ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ ಭಾನುವಾರದ ಹವ್ಯಾಸದ ಬಿಲ್ಲು ಸ್ವಂತ ಖಾತೆಗೇ ಹೋಗಬೇಕು.