ಬೋರ್ಡಿಗೆ ಕನ್ನಡ, ವೆಬ್‌ಸೈಟಿಗೆ ಪ್ರಶ್ನೆಚಿಹ್ನೆ!

2024ರ ಅಕ್ಟೋಬರ್ ಕೊನೆಯ ವಾರ. ರಾಜ್ಯೋತ್ಸವದ ಕರಪತ್ರ, ರಸೀದಿ ಪುಸ್ತಕ, ಆಹ್ವಾನ ಪತ್ರಿಕೆ ಅಂತ ನನ್ನ ಪ್ರೆಸ್ಸಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳು. ರಾತ್ರಿ ಹತ್ತಕ್ಕೆ ನಮ್ಮ ಬಡಾವಣೆಯ ಸಂಘದ ನಾಲ್ಕು ಹುಡುಗರು ಬಂದರು. "ಅಣ್ಣಾ, ಸಾವಿರ ಕರಪತ್ರ ಬೇಕು. ಒಂದನೇ ತಾರೀಖು ನಮ್ಮ ಸಂಘದ ವೆಬ್‌ಸೈಟ್ ಉದ್ಘಾಟನೆ" ಅಂದರು. ನನಗೂ ಖುಷಿಯಾಯಿತು. ಕೈಗೆ ಹತ್ತಿದ ಇಂಕನ್ನು ಒರೆಸಿಕೊಂಡು ಅವರ ಮೊಬೈಲಿನಲ್ಲೇ ತೆರೆದು ನೋಡಿದೆ.

ಮೇಲೆ ಹಳದಿ ಕೆಂಪು ಬಾವುಟ ಹಾರಾಡುತ್ತಿತ್ತು. ಕೆಳಗೆ ಲೇಖನಗಳು. ಒಂದು ಸಾಲನ್ನು ಕಾಪಿ ಮಾಡಲು ಬೆರಳಿಟ್ಟೆ, ಆಗಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ 'ಕಾವೇರಿ' ಅಂತ ಹೊಡೆದೆ. ಏನೂ ಸಿಗಲಿಲ್ಲ ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು. ಕಣ್ಣೆದುರಿಗೇ ಕಾವೇರಿ ಬಗ್ಗೆ ಮೂರು ಲೇಖನ!

ಅವು ಲೇಖನಗಳಲ್ಲ ಸ್ವಾಮೀ, ಲೇಖನಗಳ ಫೋಟೋಗಳು.

"ಅವರ ಸಿಸ್ಟಂನಲ್ಲಿ ಕನ್ನಡ ಬರಲ್ವಂತೆ ಅಣ್ಣಾ. ಅದಕ್ಕೇ ನುಡಿಯಲ್ಲಿ ಟೈಪ್ ಮಾಡಿ, ಜೆಪೆಗ್ ಮಾಡಿ ಹಾಕಿದ್ವಿ" ಅಂದ ಒಬ್ಬ. ಎಷ್ಟು ಕೊಟ್ರಪ್ಪಾ ಅಂತ ಕೇಳಿದೆ. 35,000 ರೂಪಾಯಿ! ಮೇಲೆ ವರ್ಷಾವರ್ಷ ಬಾಡಿಗೆ ಬೇರೆ. ಮನೆ ಮನೆ ತಿರುಗಿ ಎತ್ತಿದ ಚಂದಾ ಹಣ.

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲಿ ಅಂತ 2023ರ ಡಿಸೆಂಬರ್‌ನಲ್ಲಿ ಬೀದಿಗಿಳಿದವರು ನಾವು. 2024ರಲ್ಲಿ ಅದು ಕಾಯ್ದೆಯೂ ಆಯಿತು. ಬಹಳ ಸಂತೋಷ. ಆದರೆ ನಮ್ಮದೇ ವೆಬ್‌ಸೈಟಿನಲ್ಲಿ ಕನ್ನಡ ಶೇಕಡಾ ಎಷ್ಟು? ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ! ಫೋಟೋದೊಳಗಿನ ಕನ್ನಡ ಅದರ ಪಾಲಿಗೆ ಬರೀ ಚಿತ್ರ. ಸಾಲು ಹಿಡಿದು ಹುಡುಕುವವನಿಗೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದರ ಮುಂದೆ ಮೂಕ. ಬೋರ್ಡಿಗೆ ಮಸಿ ಬಳಿಯುವ ಕೈಗಳೇ, ಇದಕ್ಕೇನು ಬಳಿಯುತ್ತೀರಿ?

'ಕನ್ನಡ ಬರಲ್ಲ' ಅನ್ನುವುದು ಹಸಿ ಸುಳ್ಳು. ಯೂನಿಕೋಡಿನ ಮೊಟ್ಟಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಇತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನ ಜೊತೆಗೇ ತುಂಗಾ ಅನ್ನುವ ಕನ್ನಡ ಫಾಂಟ್ ತಂದಿತು. 2003ರಿಂದ ಕನ್ನಡ ವಿಕಿಪೀಡಿಯ ನಡೆಯುತ್ತಿದೆ. ಇಷ್ಟಾದ ಮೇಲೂ ಒಬ್ಬ ಬಂದು ನಮ್ಮ ಸಿಸ್ಟಂನಲ್ಲಿ ಕನ್ನಡ ಬರಲ್ಲ ಅಂದರೆ, ಅವನಿಗೆ ಕೆಲಸ ಬರಲ್ಲ ಅಂತ ಅರ್ಥ. ಪಾಪ, ನುಡಿಯ ತಪ್ಪೇನೂ ಇಲ್ಲ. ನುಡಿಯಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಹಳೆಯ ಫೈಲುಗಳನ್ನು ಪರಿವರ್ತಿಸಲೂಬಹುದು. ಅದನ್ನು ಕೇಳುವ ಗೋಜಿಗೇ ಯಾರೂ ಹೋಗಿಲ್ಲ.

ನಾನು ಓದಿದ್ದು ಪಿಯುಸಿ. ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲ. ಆದರೂ ಈ ಸಿಎಂಎಸ್, ಅಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಪ್ರೆಸ್ಸಿನವನಿಗೆ ಬೇಗ ಅರ್ಥವಾಗುತ್ತದೆ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ, ಟ್ರೆಡಲ್‌ನಲ್ಲಿ ಅಚ್ಚು ಹಾಕಿ, ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಕೇಸಿನ ಮನೆಮನೆಗೆ ಹಾಕುತ್ತಿದ್ದರು. ಅಚ್ಚಾದ ಹಾಳೆ ಬೇರೆ, ಮೊಳೆ ಬೇರೆ. ಸಿಎಂಎಸ್ ಅಂದರೆ ಆ ಕೇಸು. ಬರಹವೆಲ್ಲ ಡೇಟಾಬೇಸಿನಲ್ಲಿ ಕೂತಿರುತ್ತದೆ. ಬಣ್ಣ, ಅಂಕಣ, ಅಂದಚೆಂದ ಎಲ್ಲ ಥೀಮಿನ ಕೆಲಸ. ಥೀಮು ಹತ್ತು ಸಲ ಬದಲಿಸಿ, ಬರಹ ಅಲ್ಲಾಡುವುದಿಲ್ಲ. ಪ್ರಶ್ನೆ ಇರುವುದು ಒಂದೇ: ಆ ಕೇಸಿನ ಬೀಗದ ಕೈ ಯಾರ ಹತ್ತಿರ ಇದೆ?

ನನ್ನ ಹತ್ತಿರ ಇರಲಿಲ್ಲ, ಅದಕ್ಕೇ ಈ ಸಿಟ್ಟು. 1999ರಲ್ಲಿ ಸಾಲ ಮಾಡಿ ಒಂದು ಕನ್ನಡ ಫಾಂಟ್ ಪ್ಯಾಕೇಜ್ ಕೊಂಡೆ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಅನ್ನುವ ಬೀಗ. ಅದಿದ್ದರೆ ಮಾತ್ರ ಪ್ಯಾಕೇಜ್ ಓಡುತ್ತದೆ. ಅಕ್ಷರಗಳೂ ನಿಜವಾದ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿದ್ದು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ಹತ್ತು ವರ್ಷ ಚೆನ್ನಾಗೇ ನಡೆಯಿತು. 2009ರಲ್ಲಿ ಡಾಂಗಲ್ ಸತ್ತಿತು. ಕೊಟ್ಟವರು ಅಂಗಡಿ ಮುಚ್ಚಿಕೊಂಡಿದ್ದರು. ಹತ್ತು ವರ್ಷದ ಸ್ಮರಣ ಸಂಚಿಕೆ, ಕವನ ಸಂಕಲನ, ಊರಿನ ಇತಿಹಾಸ ಎಲ್ಲ ಹಾರ್ಡ್‌ಡಿಸ್ಕಿನಲ್ಲಿವೆ. ಓದುವವರಿಲ್ಲ! ಮುಂದೆ ಒಬ್ಬ ಮೇಷ್ಟ್ರ ಹೆಂಡತಿ ಬಂದು, "ಅವರ ಪುಸ್ತಕ ಇನ್ನೊಂದು ಸಲ ಅಚ್ಚು ಹಾಕಿಸಬೇಕಪ್ಪಾ, ನಿನ್ನ ಹತ್ತಿರ ಇದೆಯಲ್ಲ" ಅಂದಾಗ ನನ್ನ ಮುಖ ನೋಡಬೇಕಿತ್ತು. 280 ಪುಟ ಮತ್ತೆ ಟೈಪ್ ಮಾಡಿಸಿದೆ. ದುಡ್ಡು ಕೇಳುವ ಬಾಯಿ ನನಗೆ ಬರಲಿಲ್ಲ.

ಈಗಿನ ಹುಡುಗರು ಅದೇ ಡಾಂಗಲನ್ನು ಹೊಸ ಹೆಸರಿನಲ್ಲಿ ಕೊಳ್ಳುತ್ತಿದ್ದಾರೆ.

ನಮ್ಮದೇ ಸ್ವಂತ ಸಿಎಂಎಸ್ ಸಾರ್, ನಾವೇ ಬರೆದಿದ್ದು ಅನ್ನುವವನನ್ನು ಮೊದಲು ದೂರ ಇಡಿ. ಅವನ ಜೊತೆ ಜಗಳವಾದ ದಿನ, ಅಥವಾ ಅವನು ಅಮೆರಿಕಕ್ಕೆ ಹೋದ ದಿನ, ನಿಮ್ಮ ಬರಹ ಅನಾಥ. ಎಳೆದು ಬಿಟ್ಟರೆ ಪುಟ ತಯಾರು ಅನ್ನುವ ವಿಕ್ಸ್‌ನಂಥ ಕಡೆಗಳು ನೋಡಲು ಚಂದ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿಕೊಂಡು ಬೇರೆ ಸರ್ವರಿಗೆ ಹೋಗುವಂತಿಲ್ಲ. ಫೇಸ್‌ಬುಕ್ ಪೇಜ್ ಸಾಕಲ್ಲ ಅನ್ನುವವರಿಗೆ ಒಂದೇ ಮಾತು: ಆರ್ಕುಟ್‌ನಲ್ಲಿ ನಾವು ಎಷ್ಟು ಚರ್ಚೆ ಮಾಡಿದ್ದೆವು, ಎಷ್ಟು ಬರೆದಿದ್ದೆವು! 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಬಾಗಿಲು ಹಾಕಿತು. ಈಗ ಎಲ್ಲಿವೆ ಅವು?

ಹಾಗಾದರೆ ಯಾವುದು? ಸಂಘ, ಪತ್ರಿಕೆ, ಸಣ್ಣ ಪ್ರಕಾಶನ ಇಂಥವಕ್ಕೆ ನನ್ನ ಓಟು ವರ್ಡ್‌ಪ್ರೆಸ್‌ಗೆ. 2003ರಲ್ಲಿ ಹುಟ್ಟಿದ್ದು. ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಅದರ ಮೇಲೇ ನಡೆಯುತ್ತಿವೆ. ಜಿಪಿಎಲ್ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಒಬ್ಬ ಡೆವಲಪರ್ ಕೈಕೊಟ್ಟರೆ ಗಲ್ಲಿಗೊಬ್ಬ ಸಿಗುತ್ತಾನೆ. ಎಕ್ಸ್‌ಪೋರ್ಟ್ ಒತ್ತಿದರೆ ಬರಹವೆಲ್ಲ ಒಂದು ಎಕ್ಸ್‌ಎಂಎಲ್ ಫೈಲಾಗಿ ಕೈಗೆ ಬರುತ್ತದೆ. ಚಿತ್ರಗಳನ್ನು ಮಾತ್ರ ಬೇರೆಯಾಗಿ ಇಳಿಸಿಕೊಳ್ಳಬೇಕು. ಎಚ್ಚರ, ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ಡಾಟ್ ಆರ್ಗ್ ಬೇರೆ. ಮೊದಲನೆಯದು ಒಂದು ಕಂಪನಿ ನಡೆಸುವ ಬಾಡಿಗೆ ಮನೆ. ಎರಡನೆಯ ಕಡೆ ತಂತ್ರಾಂಶ ಇಳಿಸಿಕೊಂಡು ನಿಮ್ಮ ಸರ್ವರಿನಲ್ಲಿ ಹಾಕಿಕೊಂಡರೆ ಅದು ಸ್ವಂತ ಮನೆ.

ಅದೇನು ದೇವರಲ್ಲ. ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಕಳ್ಳರು ನುಗ್ಗಿ ನಿಮ್ಮ ಸಂಘದ ಪುಟದಲ್ಲಿ ಜೂಜಿನ ಜಾಹೀರಾತು ಹಾಕುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಸಂಸ್ಥಾಪಕ ಮ್ಯಾಟ್ ಮುಲ್ಲೆನ್‌ವೆಗ್, ಡಬ್ಲ್ಯುಪಿ ಎಂಜಿನ್ ಅನ್ನುವ ಕಂಪನಿಯ ಜೊತೆ ಕಿತ್ತಾಡಿ, ಅವರ ಗಿರಾಕಿಗಳಿಗೆ ಅಪ್‌ಡೇಟ್ ಸಿಗದಂತೆ ಬಾಗಿಲು ಹಾಕಿದರು. ದೊಡ್ಡವರ ಜಗಳದಲ್ಲಿ ಬಡವರು ಸೊರಗಿದರು. ಆದರೂ ಅಲ್ಲಿ ಗಿರಾಕಿಯ ಬರಹ ಗಿರಾಕಿಯ ಕೈಯಲ್ಲೇ ಉಳಿಯಿತು ನೋಡಿ. ನಾನು ಹೇಳುತ್ತಿರುವುದು ಅದನ್ನೇ.

ಇನ್ನು ಕನ್ನಡದ ಗುಟ್ಟಿಗೆ ಬರೋಣ, ಇದನ್ನು ಯಾವ ಏಜೆನ್ಸಿಯವನೂ ನಿಮಗೆ ಹೇಳುವುದಿಲ್ಲ. ಹಳೆಯ ಲ್ಯಾಟಿನ್ ಸಂಕೇತದ ಡೇಟಾಬೇಸಿನಲ್ಲಿ ಕನ್ನಡ ಹಾಕಿದರೆ ಪುಟದ ತುಂಬ ಸಾಲುಗಟ್ಟಿದ ಪ್ರಶ್ನೆಚಿಹ್ನೆ. ಒಮ್ಮೆ ಹಾಗೆ ಉಳಿಸಿಟ್ಟ ಅಕ್ಷರ ಮತ್ತೆ ಹುಟ್ಟುವುದಿಲ್ಲ, ಯಾವ ಪಂಡಿತ ಬಂದರೂ ಅಷ್ಟೇ. ಡೇಟಾಬೇಸು ಯುಟಿಎಫ್‌8ಎಂಬಿ4 ಇದೆಯಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ, ಬರೆಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸೈಟಿನ ಭಾಷೆ ಕನ್ನಡ ಅಂತ ಆರಿಸಿ. ಹಾಗೆ ಮಾಡದಿದ್ದರೆ ನಿಮ್ಮ ಪುಟ ಒಳಗೊಳಗೇ ತನ್ನನ್ನು ತಾನು ಅಮೆರಿಕನ್ ಇಂಗ್ಲಿಷ್ ಅಂತ ಪರಿಚಯ ಮಾಡಿಕೊಳ್ಳುತ್ತಿರುತ್ತದೆ! ಮೇಲೆಲ್ಲ ಕನ್ನಡ, ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಅಂದ ಹಾಗೆ.

ಕೊಂಡಿಯ ಕಥೆ ಕೇಳಿ, ನಗು ಬರುತ್ತದೆ. ವರ್ಡ್‌ಪ್ರೆಸ್ ಪುಟದ ವಿಳಾಸದಲ್ಲಿ ಶೀರ್ಷಿಕೆಗೆ ಕೊಟ್ಟಿರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಧಾರಾಳ. ಆದರೆ ಕನ್ನಡದ ಒಂದು 'ಕ' ವಿಳಾಸದೊಳಗೆ ಹೋಗುವಾಗ ಶೇಕಡಾ ಗುರುತು ಮತ್ತು ಎರಡು ಸಂಕೇತ, ಹೀಗೆ ಮೂರು ಸಲ, ಒಟ್ಟು 9 ಜಾಗ ತಿನ್ನುತ್ತದೆ. ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಬೇರೆ 9. ಅಂದರೆ ನಮಗೆ ಉಳಿಯುವುದು 22 ಚಿಹ್ನೆ ಮಾತ್ರ. 'ಕನ್ನಡ ರಾಜ್ಯೋತ್ಸವ ಮೆರವಣಿಗೆಗೆ ಪೊಲೀಸರ ಅಡ್ಡಿ' ಅಂತ ಹೆಡ್ಡಿಂಗ್ ಕೊಡಿ. ವಿಳಾಸ 'ಕನ್ನಡ-ರಾಜ್ಯೋತ್ಸವ-ಮೆರವಣಿಗ' ಅಂತ ಕುತ್ತಿಗೆ ಮುರಿದುಕೊಂಡು ನಿಲ್ಲುತ್ತದೆ. ಪೊಲೀಸರಿಗಿಂತ ಮೊದಲೇ ಮೆರವಣಿಗೆ ತಡೆದದ್ದು ಸಾಫ್ಟ್‌ವೇರ್! ವಾಟ್ಸಪ್ಪಿಗೆ ಅಂಟಿಸಿದರೆ ಅರ್ಧ ಪರದೆ ಶೇಕಡಾ ಗುರುತುಗಳ ಜಾತ್ರೆ. ಉಪಾಯ ಇದೆ. ಪ್ರತಿ ಲೇಖನಕ್ಕೂ ವಿಳಾಸವನ್ನು ಕೈಯಾರೆ ಎರಡೇ ಪದದಲ್ಲಿ ಬರೆಯಿರಿ, ಇಲ್ಲವೇ ಪರ್ಮಾಲಿಂಕ್ ಸೆಟ್ಟಿಂಗ್‌ನಲ್ಲಿ ಸಂಖ್ಯೆ ಆರಿಸಿಕೊಳ್ಳಿ. ಮೊದಲ ದಿನವೇ ಮಾಡಿ. ನೂರು ಲೇಖನ ಹಂಚಿಯಾದ ಮೇಲೆ ವಿಳಾಸ ಬದಲಿಸಿದರೆ ಹಳೆಯ ಕೊಂಡಿಗಳು ಮುರಿಯುತ್ತವೆ.

ವಿಕಿಪೀಡಿಯದ ಹೊಟ್ಟೆಯಲ್ಲಿರುವ ಮೀಡಿಯಾವಿಕಿ ಈ ವಿಷಯದಲ್ಲಿ ವಾಸಿ. ಅಲ್ಲಿ ಶೀರ್ಷಿಕೆಗೆ 255 ಬೈಟ್, ಕನ್ನಡದ ಚಿಹ್ನೆಗೆ 3 ಬೈಟ್, ಅಂದರೆ 85 ಚಿಹ್ನೆ ಹಿಡಿಯುತ್ತವೆ. ಊರಿನ ಪದಕೋಶ, ಜಾನಪದ ಸಂಗ್ರಹ ಅಂತ ಹತ್ತಾರು ಜನ ಸೇರಿ ಬರೆಯುವುದಾದರೆ ಅದನ್ನೇ ಹಿಡಿಯಿರಿ. ಡ್ರೂಪಲ್ ಬಲವಾದದ್ದು. 2015ರಲ್ಲಿ ಬಂದ 8ನೇ ಆವೃತ್ತಿಯಿಂದ ಹಲವು ಭಾಷೆ ನಿಭಾಯಿಸುವ ಶಕ್ತಿ ಅದರ ಮೂಲದಲ್ಲೇ ಇದೆ. ಕನ್ನಡ ಇಂಗ್ಲಿಷ್ ಎರಡರಲ್ಲೂ ಸಾವಿರಾರು ಪುಟ ಇರುವ ವಿಶ್ವವಿದ್ಯಾಲಯಕ್ಕೆ ಸರಿ, ನಾಲ್ಕು ಹುಡುಗರ ಸಂಘಕ್ಕೆ ಆನೆ ಸಾಕಿದ ಹಾಗೆ. ಅದರ 7ನೇ ಆವೃತ್ತಿಗೆ 2025ರ ಜನವರಿ 5ಕ್ಕೆ ಬೆಂಬಲ ನಿಂತುಹೋಯಿತು. 7ರಲ್ಲಿದ್ದವರು ಮುಂದಿನದಕ್ಕೆ ಹೋಗುವುದೆಂದರೆ ಮನೆ ಸುಣ್ಣ ಬಳಿಯುವುದಲ್ಲ, ಮನೆಯನ್ನೇ ಬದಲಿಸುವುದು. ಜೂಮ್ಲಾ ಬಗ್ಗೆ ನನಗೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ.

ಕೊನೆಗೆ ಡೊಮೈನ್. ಆ ರಾತ್ರಿ ಹುಡುಗರಿಗೆ ಕೇಳಿದೆ, "ಹೆಸರು ಯಾರ ಹೆಸರಿನಲ್ಲಿ ರಿಜಿಸ್ಟರ್ ಆಗಿದೆಯಪ್ಪಾ?" ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಚಾರಿಸಿದರೆ ಸಂಘದ ಹೆಸರು ಮಾಡಿಕೊಟ್ಟವನ ಹೆಸರಿನಲ್ಲಿದೆ! ಪಾಸ್‌ವರ್ಡೂ ಅವನ ಹತ್ತಿರ. ಮನೆ ಕಟ್ಟಿಸಿದವರು ಇವರು, ಖಾತೆ ಮಾಡಿಸಿಕೊಂಡವನು ಮೇಸ್ತ್ರಿ.

ಆ ಕರಪತ್ರ ನಾನು ಅಚ್ಚು ಹಾಕಲಿಲ್ಲ. ಹುಡುಗರು ಎರಡು ದಿನ ಮುನಿಸಿಕೊಂಡರು. ಮೂರನೇ ದಿನ ಲ್ಯಾಪ್‌ಟಾಪ್ ಹಿಡಿದು ಪ್ರೆಸ್ಸಿಗೇ ಬಂದರು. ಪ್ರತಿ ಭಾನುವಾರ ನನ್ನ ಬೈಂಡಿಂಗ್ ಟೇಬಲ್ಲಿನ ಮೇಲೆ ಕೂತು ಹೊಸದಾಗಿ ವರ್ಡ್‌ಪ್ರೆಸ್ ಹಾಕಿದರು, ನುಡಿಯ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಿದರು. ಅರ್ಕಾವತ್ತು ಅಲ್ಲಲ್ಲಿ ಕೈಕೊಟ್ಟಿತ್ತು, ಪ್ರೂಫ್ ನಾನೇ ನೋಡಿದೆ. ಫೈಲ್ ಕಳೆದುಕೊಂಡು ಬರೀ ಫೋಟೋ ಉಳಿದಿದ್ದ ಒಂಬತ್ತು ಲೇಖನಗಳನ್ನು ಹೊಸದಾಗಿ ಟೈಪ್ ಮಾಡಿದ್ದಾಯಿತು. ಈಗ 'ಕಾವೇರಿ' ಅಂತ ಹುಡುಕಿದರೆ ಮೂರೂ ಲೇಖನ ಸಿಗುತ್ತವೆ. ಡೊಮೈನ್ ಮಾತ್ರ ಇನ್ನೂ ಆ ಮಹಾಶಯನ ಹೆಸರಿನಲ್ಲೇ ಇದೆ. ಎರಡು ಸಲ ಪತ್ರ ಬರೆದಿದ್ದಾರೆ, ಉತ್ತರ ಇಲ್ಲ. ಮೂರನೇ ಪತ್ರವನ್ನು ಅವನ ಕೈಗೇ ಕೊಡಲು ಮುಂದಿನ ಸೋಮವಾರ ಹುಡುಗರ ಜೊತೆ ನಾನೂ ಹೋಗುತ್ತಿದ್ದೇನೆ.