ಪ್ರಶ್ನೆ ಕೇಳುವ ಡಾಕ್ಟರು

ಪಿಯುಸಿ ಫಲಿತಾಂಶ ಬಂದ ವಾರ ಶ್ರೀರಂಗಪಟ್ಟಣದ ಕೋಟೆಯ ಬೀದಿಯಲ್ಲಾಗಲಿ, ಪಾಂಡವಪುರದ ಬಸ್ ನಿಲ್ದಾಣದಲ್ಲಾಗಲಿ, ಕೆ.ಆರ್. ಪೇಟೆಯ ಸಂತೆಯಲ್ಲಾಗಲಿ, ನಾಗಮಂಗಲದ ಹೋಟೆಲಿನಲ್ಲಾಗಲಿ ಕಿವಿಗೆ ಬೀಳುವ ಮಾತು ಒಂದೇ: "ನಿಮ್ಮ ಹುಡುಗನಿಗೆ ಮೆಡಿಕಲ್ ಸೀಟು ಸಿಗುತ್ತದೆಯೆ?" ಸಿಕ್ಕಿದರೆ ಮನೆಯಲ್ಲಿ ಒಬ್ಬಟ್ಟು. ಸಿಗದಿದ್ದರೆ ಸೂತಕದ ಮನೆಯ ಮೌನ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಅದರ ಕಟ್ಟಡವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಬೆಳೆದ ಮಕ್ಕಳಿಗೆ ಆ ಬಾಗಿಲು ಮುಚ್ಚಿತೆಂದರೆ ಲೋಕದ ಬಾಗಿಲೇ ಮುಚ್ಚಿದಂತೆ ತೋರುವುದು ಸಹಜ.

ಅಂಥ ಮಕ್ಕಳಿಗಾಗಿ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳಿಗಾಗಿ, ಈ ವಾರ ಇಬ್ಬರ ಕಥೆ. ಒಬ್ಬರು ಡಾಕ್ಟರಾದರು, ಆದರೆ ಕನ್ನಡಿಗರು ಅವರನ್ನು ಗುರುತಿಸುವುದು ಟಿ.ವಿ.ಯಲ್ಲಿ ಪ್ರಶ್ನೆ ಕೇಳುವವರೆಂದು. ಇನ್ನೊಬ್ಬರು ಡಾಕ್ಟರಾಗಬೇಕೆಂದು ಹಂಬಲಿಸಿದರು, ಆಗಲಿಲ್ಲ, ಅವರೂ ಟಿ.ವಿ.ಯ ಆಟ ನಡೆಸಿದರು, ಗಣಿತದ ಪುಸ್ತಕಗಳಲ್ಲಿ ಹೆಸರು ಉಳಿಸಿಹೋದರು.

ಮೊದಲನೆಯವರು ನಮ್ಮವರೇ, ಡಾ. ನಾ. ಸೋಮೇಶ್ವರ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ 'ಥಟ್ ಅಂತ ಹೇಳಿ' ಕ್ವಿಜ್ ಕಾರ್ಯಕ್ರಮ ಪ್ರಾರಂಭವಾಯಿತು. ಅದಕ್ಕೆ ಒಂದೂವರೆ ವರ್ಷ ಮೊದಲು, 2000ನೇ ಇಸವಿಯ ಜುಲೈನಲ್ಲಿ, ಅಮಿತಾಭ್ ಬಚ್ಚನ್ ಅವರ 'ಕೌನ್ ಬನೇಗಾ ಕರೋಡ್‌ಪತಿ' ಹಿಂದಿಯಲ್ಲಿ ಬಂದು ದೇಶವನ್ನೆಲ್ಲ ಮರುಳು ಮಾಡಿತ್ತು. ಒಂದು ಸರಿಯುತ್ತರಕ್ಕೆ ಸಾವಿರ, ಲಕ್ಷ, ಕೊನೆಗೆ ಕೋಟಿ! ಅಂಥ ಕಾಲದಲ್ಲಿ ಕನ್ನಡದ ಈ ಕಾರ್ಯಕ್ರಮ ಕೊಟ್ಟ ಬಹುಮಾನವೇನು ಗೊತ್ತೆ? ಪುಸ್ತಕ. ಕನ್ನಡ ಪುಸ್ತಕ.

ಇದು ನಡೆದೀತೆ, ಪುಸ್ತಕಕ್ಕಾಗಿ ಯಾರು ಬರುತ್ತಾರೆ ಎಂದು ಯಾರಿಗಾದರೂ ಅನುಮಾನ ಬರಬಹುದಿತ್ತು. ಜನ ಬಂದರು. ಒಂದೊಂದು ಕಂತಿಗೆ ಮೂವರಂತೆ ಬಂದರು. ವರ್ಷಗಳು ಉರುಳಿದಂತೆ ಕಂತುಗಳು ಸಾವಿರವಾದವು, ಎರಡು ಸಾವಿರವಾದವು, ಮೂರು ಸಾವಿರವನ್ನೂ ದಾಟಿದವು. ಕಾರ್ಯಕ್ರಮದ ಹೆಸರು ಲಿಮ್ಕಾ ದಾಖಲೆಗಳ ಪುಸ್ತಕವನ್ನೂ ಸೇರಿತು. ಮುಂದೆ 2012ರಲ್ಲಿ 'ಕನ್ನಡದ ಕೋಟ್ಯಧಿಪತಿ' ಬಂತು. ಪುನೀತ್ ರಾಜ್‌ಕುಮಾರ್ ಅವರ ನಗು, ಎದುರು ಕುಳಿತವರನ್ನು ಮನೆಯವರಂತೆ ಮಾತನಾಡಿಸುವ ರೀತಿ ನಾಡಿನ ಮನೆಮನೆಯನ್ನು ಗೆದ್ದಿತು. ಆದರೂ ಪುಸ್ತಕದ ಕ್ವಿಜ್ ನಿಲ್ಲಲಿಲ್ಲ. ಕೋಟಿಗೆ ಅದರ ಕಾಲ, ಪುಸ್ತಕಕ್ಕೆ ಅದರ ಕಾಲ.

ಸೋಮೇಶ್ವರ ಅವರು ವೈದ್ಯರು. ದೇಹ, ಆರೋಗ್ಯ, ರೋಗಗಳ ಬಗ್ಗೆ ಕನ್ನಡದಲ್ಲಿ ಬಹಳಷ್ಟು ಬರೆದವರು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನು ಕುರಿತ ಅವರ ಪುಸ್ತಕದ ಹೆಸರನ್ನೇ ನೋಡಿ: 'ಏಳು ಸುತ್ತಿನ ಕೋಟೆಯಲ್ಲಿ ಎಂಟು ಕೋಟಿ ಭಂಟರು'. ಶ್ರೀರಂಗಪಟ್ಟಣದ ಕೋಟೆಯನ್ನು ಕಂಡ ಹುಡುಗನಿಗೆ ರೋಗನಿರೋಧಕ ಶಕ್ತಿಯೆಂದರೇನೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕೆ? ಚರ್ಮವೊಂದು ಸುತ್ತಿನ ಗೋಡೆ, ಜಠರದ ಆಮ್ಲವೊಂದು ಕಂದಕ, ರಕ್ತದ ಬಿಳಿಯ ಕಣಗಳು ಒಳಗಿನ ಕಾವಲಿನವರು. ಕಠಿಣವಾದ ವಿಷಯವನ್ನು ಮನೆಮಾತಿಗೆ ಇಳಿಸುವ ಈ ಗುಣವೇ ಅವರನ್ನು ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಇಷ್ಟು ಕಾಲ ಉಳಿಸಿತೆಂದರೆ ತಪ್ಪಲ್ಲ.

ಕ್ವಿಜ್ ನಡೆಸುವುದೇನು ಮಹಾ ಕೆಲಸ, ಪ್ರಶ್ನೆಯೂ ಉತ್ತರವೂ ಕೈಯಲ್ಲಿನ ಕಾಗದದಲ್ಲೇ ಇರುತ್ತವಲ್ಲ ಎಂದು ಕೆಲವರು ಅನ್ನಬಹುದು. ಅದು ಅಷ್ಟು ಸುಲಭವಲ್ಲ. ಸರಿಯುತ್ತರ ಒಂದೇ, ತಪ್ಪು ಉತ್ತರ ನೂರು. ತಪ್ಪು ಹೇಳಿದವನ ಮುಖ ಬಾಡದಂತೆ, ಆದರೆ ತಪ್ಪನ್ನು ಸರಿಯೆಂದೂ ಬಿಡದಂತೆ, ಎರಡು ವಾಕ್ಯದಲ್ಲಿ ಕಾರಣ ಹೇಳಿ ಮುಂದೆ ಸಾಗಬೇಕು. ಅದಕ್ಕೆ ಕಾಗದದಲ್ಲಿ ಇರುವುದಕ್ಕಿಂತ ಹತ್ತುಪಟ್ಟು ತಿಳಿದಿರಬೇಕು. ತರಗತಿಯಲ್ಲಿ ಕೈ ಎತ್ತಲು ಅಂಜುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರಿಗೆ ಉತ್ತರ ಗೊತ್ತಿಲ್ಲವೆಂದಲ್ಲ. ತಪ್ಪಾದರೆ ನಗುತ್ತಾರೆಂಬ ಭಯ. ತಪ್ಪು ಹೇಳಿದವನನ್ನು ನೋಡಿ ನಗದ ಒಬ್ಬ ಹಿರಿಯರನ್ನು ಮಗು ರಾತ್ರಿ ಊಟದ ಹೊತ್ತಿಗೆ ಟಿ.ವಿ.ಯಲ್ಲಿ ನೋಡುವುದು ಸಣ್ಣ ಪಾಠವಲ್ಲ.

ಪ್ರಶ್ನೆಗಳಲ್ಲೂ ಎರಡು ಬಗೆ. 'ನಮ್ಮ ರಾಷ್ಟ್ರಪಕ್ಷಿ ಯಾವುದು?' ಎಂದರೆ ಥಟ್ಟನೆ 'ನವಿಲು' ಎನ್ನಬಹುದು. 1963ರಲ್ಲಿ ನವಿಲಿಗೆ ಆ ಗೌರವ ಬಂತೆಂದೂ ಬಾಯಿಪಾಠ ಮಾಡಬಹುದು. ಆದರೆ ನಾಗಮಂಗಲದ ಆದಿಚುಂಚನಗಿರಿಯ ನವಿಲುಧಾಮದ ಸುತ್ತ ಬೆಳೆದ ಮಗು ಇನ್ನೊಂದು ಪ್ರಶ್ನೆ ಕೇಳಬಹುದು: ಗರಿಯ ನೀಲಿ ಎಲ್ಲಿಂದ ಬಂತು? ಉದುರಿದ ಗರಿಯೊಂದು ಸಿಕ್ಕಿದರೆ ಬೆಳಕಿಗೆ ಎದುರಾಗಿ ಹಿಡಿದು ನೋಡಿ. ನೀಲಿ, ಹಸಿರು ಮಾಯವಾಗಿ ಕಂದು ಬಣ್ಣ ಕಾಣುತ್ತದೆ. ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ! ಮೆಲನಿನ್ ಎಂಬ ಕಂದು ವಸ್ತುವಿನ ಅತಿ ಸೂಕ್ಷ್ಮ ಕಡ್ಡಿಗಳು ಜಾಲರಿಯಂತೆ ಜೋಡಣೆಯಾಗಿವೆ. ಅವುಗಳ ನಡುವಿನ ಅಂತರಕ್ಕೆ ತಕ್ಕಂತೆ ಒಂದು ಬಣ್ಣದ ಬೆಳಕು ಬಲಗೊಂಡು ಹಿಂದಿರುಗುತ್ತದೆ. ಸಾಬೂನಿನ ಗುಳ್ಳೆಯ ಬಣ್ಣಗಳಿಗೂ ಇದೇ ಬೆಳಕಿನ ಆಟ ಕಾರಣ. ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕ್ವಿಜ್ ಬಾಗಿಲು ತಟ್ಟುತ್ತದೆ. ಒಳಗೆ ಹೋಗಬೇಕಾದವರು ನೀವು. ಅದಕ್ಕೇ ಬಹುಮಾನವಾಗಿ ಪುಸ್ತಕ ಸರಿಯಾದದ್ದು.

ಈಗ ಎರಡನೆಯವರ ಕಥೆ. ಅವರ ಹೆಸರು ಮಾಂಟಿ ಹಾಲ್. 1921ರಲ್ಲಿ ಕೆನಡಾದ ವಿನ್ನಿಪೆಗ್ ನಗರದಲ್ಲಿ ಒಂದು ಬಡ ಯಹೂದಿ ಮನೆಯಲ್ಲಿ ಹುಟ್ಟಿದರು. ತಂದೆ ಮಾಂಸದ ವ್ಯಾಪಾರಿ, ತಾಯಿ ಶಾಲಾ ಶಿಕ್ಷಕಿ. ಹುಡುಗ ಓದಿನಲ್ಲಿ ಚುರುಕು. ಆದರೆ ಕಾಲೇಜಿಗೆ ಹಣವಿಲ್ಲ. ಬಟ್ಟೆಯ ಸಗಟು ಮಳಿಗೆಯೊಂದರಲ್ಲಿ ಕೂಲಿಗೆ ಸೇರಿದ. ಅವನು ನೆಲ ತಿಕ್ಕುತ್ತಿದ್ದುದನ್ನು ಕಂಡ ಮ್ಯಾಕ್ಸ್ ಫ್ರೀಡ್ ಎಂಬ ವ್ಯಾಪಾರಿ, ಓದಿನ ಖರ್ಚನ್ನು ತಾವು ವಹಿಸುವುದಾಗಿ ಹೇಳಿದರು. ಆದರೆ ಕೆಲವು ಷರತ್ತುಗಳಿದ್ದವು. ಉತ್ತಮ ಅಂಕ ಗಳಿಸಬೇಕು. ಹಣವನ್ನು ಹಿಂದಿರುಗಿಸಬೇಕು. ಕೊಟ್ಟವರ ಹೆಸರನ್ನು ಯಾರಿಗೂ ಹೇಳಕೂಡದು. ಮುಂದೊಂದು ದಿನ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಹೀಗೆಯೇ ನೆರವಾಗಬೇಕು.

ಹುಡುಗ ಓದಿದ. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ವಿಷಯಗಳಲ್ಲಿ 1945ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಪಡೆದ. ಗುರಿ ಇದ್ದದ್ದು ವೈದ್ಯಕೀಯದ ಕಡೆಗೆ. ಸೀಟು ಸಿಗಲಿಲ್ಲ. ಕಾರಣ ಅಂಕಗಳಲ್ಲ, ಆ ದಿನಗಳಲ್ಲಿ ಅಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಇಷ್ಟೇ ಸೀಟುಗಳೆಂಬ ಗುಟ್ಟಿನ ಮಿತಿಯೊಂದಿತ್ತು. ತನ್ನದಲ್ಲದ ತಪ್ಪಿಗೆ ಬಾಗಿಲು ಮುಚ್ಚಿದಾಗ ಆ ಯುವಕನ ಎದೆಯಲ್ಲಿ ಏನಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಹಾಲ್ ರೇಡಿಯೋ ಕಡೆಗೆ ತಿರುಗಿದರು. ಟೊರಾಂಟೊಗೆ ಹೋದರು, ಅಲ್ಲಿಂದ 1955ರಲ್ಲಿ ನ್ಯೂಯಾರ್ಕಿಗೆ. 1963ರ ಡಿಸೆಂಬರಿನಲ್ಲಿ ಸ್ಟೀಫನ್ ಹ್ಯಾಟೋಸ್ ಅವರೊಡನೆ ರೂಪಿಸಿದ 'ಲೆಟ್ಸ್ ಮೇಕ್ ಎ ಡೀಲ್' ಎಂಬ ಆಟ ಅಮೆರಿಕದ ಟಿ.ವಿ.ಯಲ್ಲಿ ಶುರುವಾಯಿತು. ಒಂದು ಬಾಗಿಲಿನ ಹಿಂದೆ ಕಾರು; ಇನ್ನೊಂದರ ಹಿಂದೆ ನಗೆಪಾಟಲಿನ ವಸ್ತು. "ಈ ಹಣ ತೆಗೆದುಕೊಂಡು ಹೋಗುತ್ತೀರೋ, ಆ ಬಾಗಿಲನ್ನು ಆರಿಸುತ್ತೀರೋ?" ಎಂದು ಚೌಕಾಸಿ ಮಾಡುವುದೇ ಅವರ ಕೆಲಸ. ಸಂತೆಯಲ್ಲಿ ದನದ ವ್ಯಾಪಾರ ಕಂಡವರಿಗೆ ಈ ಆಟ ಹೊಸದೇನಲ್ಲ! ಅಂಥ ಕಂತುಗಳು 4,000ಕ್ಕೂ ಹೆಚ್ಚು ನಡೆದವು. ಬಂದ ಹೆಸರನ್ನು ಹಾಲ್ ಮಕ್ಕಳ ಆಸ್ಪತ್ರೆಗಳಿಗಾಗಿ, ಬಡವರಿಗಾಗಿ ದೇಣಿಗೆ ಎತ್ತಲು ಬಳಸಿದರು. ಡಾಕ್ಟರಾಗದವನು ಆಸ್ಪತ್ರೆಗಳಿಗೆ ಇನ್ನೊಂದು ಬಾಗಿಲಿನಿಂದ ಬಂದ ಹಾಗಾಯಿತು. 2017ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ತೀರಿಕೊಂಡರು.

ಅವರ ಹೆಸರು ಗಣಿತಕ್ಕೆ ಬಂದದ್ದು ಹೇಗೆ? ಇದನ್ನು ಮನೆಯಲ್ಲೇ ಆಡಿ ನೋಡಬಹುದು. ಮೂರು ಖಾಲಿ ಬೆಂಕಿಪೊಟ್ಟಣ, ಒಂದು ಹುಣಸೆಬೀಜ ಸಾಕು. ಅಣ್ಣ ಗುಟ್ಟಾಗಿ ಒಂದರಲ್ಲಿ ಬೀಜ ಇಡಲಿ. ತಂಗಿ ಒಂದು ಪೊಟ್ಟಣದ ಮೇಲೆ ಬೆರಳಿಡಲಿ. ಬೀಜ ಎಲ್ಲಿದೆಯೆಂದು ಅಣ್ಣನಿಗೆ ಗೊತ್ತು. ಆತ ಉಳಿದ ಎರಡರಲ್ಲಿ ಖಾಲಿಯಾದ ಒಂದನ್ನು ತೆರೆದು ತೋರಿಸಲಿ. ಈಗ ತಂಗಿ ತನ್ನ ಆಯ್ಕೆಯನ್ನೇ ಉಳಿಸಿಕೊಳ್ಳಬೇಕೋ, ಮುಚ್ಚಿರುವ ಇನ್ನೊಂದಕ್ಕೆ ಬದಲಾಯಿಸಬೇಕೋ?

ಉಳಿದದ್ದು ಎರಡು ಪೊಟ್ಟಣ, ಅರ್ಧಕ್ಕರ್ಧ, ಯಾವುದಾದರೂ ಒಂದೇ ಎಂದು ನೀವು ಹೇಳಿದರೆ ನಾಚಿಕೆ ಪಡಬೇಕಿಲ್ಲ. 1990ರಲ್ಲಿ ಅಮೆರಿಕದ 'ಪೆರೇಡ್' ಪತ್ರಿಕೆಯ ಅಂಕಣದಲ್ಲಿ ಮೆರಿಲಿನ್ ವಾಸ್ ಸವಾಂಟ್ ಎಂಬ ಮಹಿಳೆ 'ಬದಲಾಯಿಸುವುದೇ ಮೇಲು' ಎಂದು ಬರೆದಾಗ ಸುಮಾರು 10,000 ಪತ್ರಗಳು ಬಂದವು. ಬಹಳಷ್ಟು ಪತ್ರಗಳು ಆಕೆಯದು ತಪ್ಪೆಂದವು. ಬರೆದವರಲ್ಲಿ ಸುಮಾರು ಒಂದು ಸಾವಿರ ಮಂದಿ ಪಿಎಚ್.ಡಿ. ಪಡೆದವರು! ಆದರೆ ಆಕೆಯೇ ಸರಿ.

ಕಾರಣ ಸರಳ. ತಂಗಿ ಮೊದಲು ಬೆರಳಿಟ್ಟಾಗ ಬೀಜ ಅಲ್ಲಿರುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದೆರಡರಲ್ಲಿ ಒಂದರೊಳಗೆ ಇರುವ ಸಾಧ್ಯತೆ ಮೂರರಲ್ಲಿ ಎರಡು. ಅಣ್ಣ ಅರಿತೇ ಖಾಲಿಯದನ್ನು ತೆರೆಯುವುದರಿಂದ ಆ ಮೂರರಲ್ಲಿ ಎರಡು ಭಾಗವೂ ಮುಚ್ಚಿರುವ ಇನ್ನೊಂದು ಪೊಟ್ಟಣಕ್ಕೇ ಸೇರುತ್ತದೆ. ನಂಬಿಕೆ ಬಾರದಿದ್ದರೆ 30 ಸಲ ಆಡಿ, ಪ್ರತಿ ಸಲವೂ ಬದಲಾಯಿಸಿ, ಲೆಕ್ಕ ಬರೆದಿಡಿ. ಸುಮಾರು 20 ಸಲ ಗೆಲ್ಲುವಿರಿ.

ಒಂದು ಎಚ್ಚರಿಕೆ. ಅಣ್ಣನಿಗೆ ಬೀಜದ ಜಾಗ ತಿಳಿಯದೆ, ಸುಮ್ಮನೆ ತೆರೆದ ಪೊಟ್ಟಣ ಅಕಸ್ಮಾತ್ತಾಗಿ ಖಾಲಿಯಿದ್ದರೆ ಈ ಲಾಭವಿಲ್ಲ; ಆಗ ಅರ್ಧಕ್ಕರ್ಧವೇ. ತಂಗಿ ಸರಿಯಾಗಿ ಆರಿಸಿದಾಗ ಮಾತ್ರ 'ಬದಲಾಯಿಸುತ್ತೀಯಾ?' ಎಂದು ಅಣ್ಣ ಕೇಳುವುದಾದರೆ ಬದಲಾಯಿಸಿದವಳು ಸೋಲುತ್ತಲೇ ಹೋಗುತ್ತಾಳೆ. 1991ರಲ್ಲಿ ಪತ್ರಕರ್ತರೊಬ್ಬರು ಮನೆಗೇ ಬಂದಾಗ ಮಾಂಟಿ ಹಾಲ್ ಹೀಗೆಯೇ ಆಡಿ ಅವರನ್ನು ಸೋಲಿಸಿ ತೋರಿಸಿದರು. ಲೆಕ್ಕ ಹಾಕುವ ಮೊದಲು ನಿಯಮವೇನೆಂದು ಕೇಳಿ ಎಂಬುದು ಆ ಹಳೆಯ ಬಿ.ಎಸ್ಸಿ. ವಿದ್ಯಾರ್ಥಿಯ ಪಾಠ.

ಪೋಷಕರಿಗೆ ಒಂದು ಮಾತು. ಬದುಕಿನ ಬಾಗಿಲುಗಳಿಗೆ ಬೆಂಕಿಪೊಟ್ಟಣದ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಎಲ್ಲವನ್ನೂ ಬಲ್ಲ ಅಣ್ಣನಿಲ್ಲ. 'ಬದಲಾಯಿಸಿದರೆ ಗೆಲುವು' ಎಂದು ಮಗುವಿಗೆ ಭರವಸೆ ಕೊಡಲು ಯಾರಿಗೂ ಸಾಧ್ಯವಿಲ್ಲ. ಆದರೆ ಮೊದಲು ಬೆರಳಿಟ್ಟ ಬಾಗಿಲೇ ಕೊನೆಯದೆಂದು ಪಟ್ಟು ಹಿಡಿಯುವುದು ಬೇಡ. ಡಾಕ್ಟರಾದವರ ಹೆಸರು ಪ್ರಶ್ನೆಗಳಿಂದ ಮನೆಮಾತಾಯಿತು. ಡಾಕ್ಟರಾಗದವರಿಂದ ಆಸ್ಪತ್ರೆಗಳಿಗೆ ನೆರವು ಹರಿಯಿತು. ಸೀಟು ತಪ್ಪಿದ ಮಗು ಮನೆಗೆ ಬಂದ ಸಂಜೆ "ಎಷ್ಟು ಅಂಕ ಕಡಿಮೆಯಾಯಿತು?" ಎಂಬ ಪ್ರಶ್ನೆ ಕಾಯಬಲ್ಲುದು. ಮೊದಲು ಕೇಳಬೇಕಾದದ್ದು "ಊಟ ಮಾಡಿದೆಯಾ?" ಎಂದು. ಅದಕ್ಕೆ ಮಗು ಥಟ್ಟನೆ ಉತ್ತರ ಹೇಳದಿದ್ದರೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಈ ವಾರದ ಪ್ರಶ್ನೆಗಳು

1. ಟಿಪ್ಪುವಿನ ಸೈನ್ಯದ ರಾಕೆಟ್ಟುಗಳಲ್ಲಿ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದುದರಿಂದ ಏನು ಲಾಭ?

2. ಪಾಂಡವಪುರಕ್ಕೆ ಹಿಂದೆ 'ಫ್ರೆಂಚ್ ರಾಕ್ಸ್' ಎಂಬ ಹೆಸರೇಕೆ ಇತ್ತು?

3. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕವಿ ಯಾರು?

ಉತ್ತರ: 1. ಕಬ್ಬಿಣದ ಕೊಳವೆ ಒಳಗಿನ ಅನಿಲದ ಹೆಚ್ಚಿನ ಒತ್ತಡವನ್ನು ತಡೆದುಕೊಳ್ಳುತ್ತಿತ್ತು. ಆದ್ದರಿಂದ ರಾಕೆಟ್ಟು ಹೆಚ್ಚು ದೂರ ಹಾರುತ್ತಿತ್ತು. 2. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. 3. ಕೆ.ಎಸ್. ನರಸಿಂಹಸ್ವಾಮಿ.