ಹಳೆಯ ಯಂತ್ರಕ್ಕೆ ಲಿನಕ್ಸ್

ನಮ್ಮ ಮನೆಯ ಮೂಲೆಯಲ್ಲಿ 2012ರಲ್ಲಿ ಕೊಂಡ ಕಂಪ್ಯೂಟರೊಂದು ಧೂಳು ಹಿಡಿದು ಕುಳಿತಿದ್ದಿತು. ಅದರೊಳಗಿನ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವು ಮುಗಿಯಿತು; ವಿಂಡೋಸ್ 11ಕ್ಕಾದರೋ ಟಿ.ಪಿ.ಎಂ. 2.0 ಎಂಬ ರಕ್ಷಣಾಂಗವು ಬೇಕು, ಅದು ನಮ್ಮ ಯಂತ್ರದಲ್ಲಿಲ್ಲ. ರಿಪೇರಿಯವರು "ಗುಜರಿಗೆ ಹಾಕಿರಿ" ಎಂದುಬಿಟ್ಟರು. ಯಂತ್ರಕ್ಕೆ ಮುಪ್ಪು ಬಂದಿತ್ತೇ ಹೊರತು ರೋಗವೇನೂ ಇರಲಿಲ್ಲ. ಮೇಲಾಗಿ, ಈಗ ದಿವಂಗತರಾಗಿರುವ ನಮ್ಮ ತಾಯಿಯವರು ಹೇಳಿ ಬರೆಯಿಸಿದ ಆರತಿಯ ಹಾಡುಗಳೆಲ್ಲವೂ ಅದರ ಹೊಟ್ಟೆಯಲ್ಲಿಯೇ ಇದ್ದುವು.

ಆದಕಾರಣ ಲಿನಕ್ಸನ್ನು ಪರೀಕ್ಷಿಸಲು ನಿಶ್ಚಯಿಸಿದೆವು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಅದರ ತಿರುಳನ್ನು ರಚಿಸತೊಡಗಿದರು. ಅದನ್ನು ಯಾರಾದರೂ ಪಡೆದು, ತಿದ್ದಿ, ಹಂಚಬಹುದು. ಅದರ ರೂಪಗಳು ಹಲವು. ನಾವು ಆರಿಸಿದುದು ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ರೂಪ. ಅದಕ್ಕೆ ಕನಿಷ್ಠ ಪಕ್ಷ 2 ಜಿ.ಬಿ. ರ್‍ಯಾಮ್ ಬೇಕು, ನಮ್ಮಲ್ಲಿ 4 ಇದ್ದಿತು. ಅದನ್ನು ಪೆನ್ ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಯಂತ್ರವು ಏಳದು. ರೂಫಸ್‌ನಂತಹ ಸಾಧನದಿಂದ ಬರೆಯತಕ್ಕದ್ದು. ಬಳಿಕ ಒಳಗಿನ ಡಿಸ್ಕನ್ನು ಮುಟ್ಟದೆಯೇ, ಹಾಲುಕ್ಕಿಸುವ ಮುನ್ನ ಬಾಡಿಗೆಮನೆಯನ್ನು ಸುತ್ತಿ ನೋಡುವಂತೆ, ವೈಫೈ, ಧ್ವನಿ, ಮುದ್ರಣಯಂತ್ರ ಎಲ್ಲವನ್ನೂ ಪರೀಕ್ಷಿಸಬಹುದು. ಎಲ್ಲವೂ ನಡೆದುವು.

"ಡಿಸ್ಕನ್ನು ಅಳಿಸಿ ಸ್ಥಾಪಿಸು" ಎಂಬುದನ್ನು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಮನೆಯವರು, "ಅತ್ತೆಯವರ ಹಾಡುಗಳನ್ನು ತೆಗೆದಿರಿಸಿದಿರಾ?" ಎಂದು ಕೇಳಿದರು. ತೆಗೆದಿರಿಸಿದ್ದೇವೆಂದೇ ಭಾವಿಸಿದ್ದೆವು. ನೋಡಿದರೆ ನಾವು ನಕಲು ಮಾಡಿದ್ದುದು ಸಿ ಭಾಗವನ್ನು ಮಾತ್ರ. ಹಾಡುಗಳು ಡಿ ಭಾಗದಲ್ಲಿದ್ದುವು! ಕೈ ನಡುಗಿತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಅವನ್ನು ಹೊರಡಿಸ್ಕಿಗೆ ತೆಗೆದುಕೊಂಡು ಬೇರೊಂದು ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಸ. ಅವು ಯೂನಿಕೋಡ್ ಅಲ್ಲದ ನುಡಿ ಲಿಪಿಯಲ್ಲಿ ಬರೆದವು. ಆ ಅಕ್ಷರಶೈಲಿಯ ಕಡತವಿಲ್ಲದೆ ಓದಲಾಗದು. ಅದೂ ಹಳೆಯ ವಿಂಡೋಸಿನ ಫಾಂಟ್ಸ್ ಕೋಶದಲ್ಲಿಯೇ ಇದ್ದಿತು. ಅದನ್ನೂ ನಕಲಿಸಿಕೊಂಡ ಮೇಲೆಯೇ ಗುಂಡಿಯನ್ನು ಒತ್ತಿದೆವು.

ಅರ್ಧ ಗಂಟೆಯೊಳಗೆ ಸ್ಥಾಪನೆ ಮುಗಿಯಿತು. ಲಿಬ್ರೆ ಆಫೀಸಿನಲ್ಲಿ ಹಾಡುಗಳು ಮೊದಲಿನಂತೆಯೇ ಮೂಡಿದುವು. ಈಗ ಒಂದೊಂದಾಗಿ ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇವೆ. ಪರಿವರ್ತನೆಯಲ್ಲಿ ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪುವುದರಿಂದ ಪ್ರತಿಯೊಂದು ಸಾಲನ್ನೂ ಓದಿ ತಿದ್ದಬೇಕಾಗಿದೆ. ಸಂದೇಹ ಬಂದಲ್ಲಿ ಚಿಕ್ಕಮ್ಮನವರಿಗೆ ದೂರವಾಣಿ ಮಾಡಿ ಹಾಡಿಸಿ ಕೇಳುತ್ತೇವೆ.